ಎಳ್ಳುನೀರು ಬಿದ್ದ ಹೆಸರು

"'ಇದ್ದಾಳೆ' ಅನ್ನಬೇಕಿತ್ತು ಬಾಯಾರ. ಅನ್ನಲಿಲ್ಲ. ನೀರು ಬಿಟ್ಟಾ."

ಬದರೀನಾರಾಯಣಾಚಾರ್ಯರು ಇಷ್ಟು ಹೇಳಿ ಬಾಗಿಲ ಕಡೆ ನೋಡಿದರು. ಬಾಗಿಲು ಹಾಕಿಯೇ ಇತ್ತು. ಆದರೂ ಎದ್ದು ಹೋಗಿ, ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಮುಟ್ಟಿ ನೋಡಿ ಬಂದು ಕುಳಿತರು.

ಹೊರಗೆ ಕಾಶಿಯ ಕೇದಾರ ಘಾಟಿನ ಗಲ್ಲಿಯ ತುಂಬ ಮೌನಿ ಅಮಾವಾಸ್ಯೆಯ ಜನ. ಮೌನವೆಲ್ಲ ಹೆಸರಿಗೆ ಮಾತ್ರ. ಜಂಗುಳಿಯಲ್ಲಿ ತಪ್ಪಿಸಿಕೊಂಡವರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಬೆಳಗಿನಿಂದ ಕೂಗುತ್ತಲೇ ಇದ್ದರು. ಬಲಿಯಾದಿಂದ ಬಂದ ಸುಖ್‌ರಾಣಿ ದೇವಿ, ನೀವು ಎಲ್ಲಿದ್ದರೂ ಪೊಲೀಸ್ ಚೌಕಿಗೆ ಬನ್ನಿ. ನಿಮ್ಮ ಮಗ ಅಳುತ್ತಾ ಕಾಯುತ್ತಿದ್ದಾನೆ.

"ತಡೀರಿ ಆಚಾರ್ಯರ," ಎಂದಳು ಡಾಕ್ಟರ್ ವನಮಾಲಾ. "ಮೊದಲಿಂದ ಹೇಳ್ರಿ. ನಾ ಹೆಣದ ಡಾಕ್ಟರು, ನನಗ ನಿಮ್ಮ ಮಂತ್ರ ತಿಳಿಯಂಗಿಲ್ಲ."

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಲೇ ತಲೆ ನರೆತವಳು ಅವಳು. ಧಾರವಾಡ ಬಿಟ್ಟು ಕಾಶಿಗೆ ಬಂದಾಗಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದ ಮಾತು ಒಂದೇ: ನನ್ನ ಪೇಶೆಂಟುಗಳು ಎದುರು ಮಾತಾಡುವುದಿಲ್ಲ, ಅದಕ್ಕೇ ನನಗೂ ಅವರಿಗೂ ಚೆನ್ನಾಗಿ ಹೊಂದುತ್ತದೆ. ಇವತ್ತು ಆ ಹಾಸ್ಯ ಬಾಯಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿದ್ದವಳಿಗೆ ಆಚಾರ್ಯರ ಹೆಂಡತಿ ಕೃಷ್ಣಮ್ಮ ಫೋನ್ ಮಾಡಿ, "ಹೆಂಗಿದ್ದೀ ಹಂಗ ಎದ್ದು ಬಾ" ಎಂದಿದ್ದಳು. ಅವಳು ಹಾಗೆಯೇ ಎದ್ದು ಬಂದಿದ್ದಳು.

ಆಚಾರ್ಯರು ಗಂಟಲು ಸರಿಮಾಡಿಕೊಂಡರು.

"ಬೆಳಿಗ್ಗೆ ನಮ್ಮ ಮನ್ಯಾಗ ನಿಮ್ಮ ಅಳಿಯ ಕಾರ್ತಿಕನ ಹಿರಿಯರ ಶ್ರಾದ್ಧ ಆತು. ಅವನ ಅಣ್ಣಾ ಶ್ರೀನಿವಾಸ ಮಾಡಿದಾ, ಮೈಸೂರಿಂದ ಅದಕ್ಕಂತನ ಬಂದಾನ. ಆಮ್ಯಾಲೆ ಘಾಟಿನ್ಯಾಗ ಕೂತು ಇಬ್ಬರೂ ತರ್ಪಣ. ಅಪ್ಪಾ, ಅಜ್ಜಾ, ಮುತ್ತಜ್ಜಾ, ಎಲ್ಲಾ ಸುಸೂತ್ರ ನಡೀತು. ಅವರದು ಮುಗಿದ ಮ್ಯಾಲೆ ಉಳಿದವರ ಸರತಿ. ಹೆಂಡತಿ, ಮಗಾ, ತಮ್ಮಾ, ಕಾಕಾ, ಸೋದರಮಾವ, ಗುರು, ಗೆಳ್ಯಾ. ನಾ ಒಂದೊಂದು ಸಂಬಂಧ ಕೂಗ್ತೀನಿ. ಅವರು ಬದುಕಿದ್ರ 'ಇದ್ದಾರೆ' ಅನ್ನಬೇಕು, ನಾ ಮುಂದಕ್ಕ ಹೋಗ್ತೀನಿ. ತೀರಿಕೊಂಡಿದ್ರ ಹೆಸರು ಹೇಳಿ ಎಳ್ಳುನೀರು ಬಿಡಬೇಕು."

"ಅದರಾಗ ಮೊದಲಿಗೆ ಹೆಂಡತಿ."

"ಹೌದು. 'ಪತ್ನೀ' ಅಂದೆ. ಶ್ರೀನಿವಾಸ 'ಇದ್ದಾಳೆ' ಅಂದಾ, ಜೋರಾಗೇ ಅಂದಾ. ಅವನ ಹೆಂಡತಿ ಶ್ರೀವಿದ್ಯಾ ಹಿಂದಿನ ಪಾವಟಿಗಿ ಮ್ಯಾಲೆ ಕೂತಿದ್ಲು, ನಕ್ಕಳು. ನಾ ಕಾರ್ತಿಕನ ಕೈ ನೋಡಿದೆ. ನಮ್ಮ ಕಸಬೇ ಕೈ ನೋಡೂದು. ಹೆಬ್ಬಟ್ಟಿನ ಬದಿಯಿಂದ ನೀರು ಇಳೀತು, ಎಳ್ಳು ಸಮೇತ."

"ಕೈ ಜಾರಿರಬೇಕು."

"ನಾನೂ ಹಂಗ ಅನ್ಕೊಂಡೆ. ಖರೆ, ಬಾಯಾಗ ಗೋತ್ರ ಅಂದಾ. ಹೆಸರು ಅಂದಾ. ಸಣ್ಣ ದನೀಲೆ, ಕಣ್ಣು ಮುಚ್ಚಿಕೊಂಡು. 'ಅಮೂಲ್ಯಾ' ಅಂದಾ. ಮತ್ತ ನೀರು ತಗೊಂಡು ಮತ್ತ ಬಿಟ್ಟಾ. ಕಣ್ಣು ತೆರೆದು, 'ಮುಂದೆ ಹೇಳಿ ಆಚಾರ್ಯರೇ' ಅಂದಾ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕೃಷ್ಣಮ್ಮ ಒಳಗೆ ಬಂದು ವನಮಾಲಾಳ ಪಕ್ಕದಲ್ಲಿ ಕುಳಿತು ಅವಳ ಮೊಣಕೈ ಹಿಡಿದುಕೊಂಡಳು.

ಅಮೂಲ್ಯಾ ವನಮಾಲಾಳ ತಂಗಿಯ ಮಗಳು. ತಂಗಿ ಹೋದ ಮೇಲೆ ಇಲ್ಲಿಯೇ, ಇದೇ ಗಂಗೆಯ ದಡದಲ್ಲಿ, ದೊಡ್ಡಮ್ಮನನ್ನು ಮೌಶಿ ಎಂದು ಕರೆಯುತ್ತಾ, ಅವಳ ಕೈತುತ್ತು ತಿಂದು ಬೆಳೆದವಳು. ಸಸ್ಯಶಾಸ್ತ್ರ ಓದಿ ಇಲ್ಲಿಯೇ ಪಾಠ ಹೇಳುತ್ತಿದ್ದಳು. ಗಂಡ ಕಾರ್ತಿಕ ಅದೇ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರದ ಮೇಷ್ಟ್ರು. ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ರಜೆ ಹಾಕಿ ಅಂಡಮಾನಿನ ದ್ವೀಪವೊಂದಕ್ಕೆ ಹೋದರು. ಎರಡು ವಾರದ ಹಿಂದೆ ಕಾರ್ತಿಕನೊಬ್ಬನೇ ಮರಳಿ ಬಂದ. ಅವಳಿಗೆ ಅಲ್ಲಿನ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್ ಕಾಡು, ಹಿಡಿಸಿಬಿಟ್ಟಿದೆ, ಇನ್ನಷ್ಟು ದಿನ ಇದ್ದು ಬರುತ್ತಾಳೆ ಎಂದ.

ಕಾಲ್ ಮಾಡಿದರೆ ಹತ್ತುತ್ತಿರಲಿಲ್ಲ. ದ್ವೀಪದಲ್ಲಿ ನೆಟ್‌ವರ್ಕ್ ಇಲ್ಲ ಎಂದರೆ ಯಾರಾದರೂ ನಂಬುವ ಮಾತೇ. ಆದರೆ ಚಿತ್ರಗಳು ಮಾತ್ರ ತಪ್ಪದೆ ಬರುತ್ತಿದ್ದವು.

ಉಪ್ಪುನೀರಿನಲ್ಲಿ ಬೇರುಗಳನ್ನೂರಿ ನಿಂತ ಕಾಂಡ್ಲಾ ಮರಗಳು. ಬರ್ಮಾದಿಂದ ಎಂದೋ ಬಂದು ನೆಲೆಸಿದ ಕರೆನ್ ಜನರ ಬಿದಿರಿನ ಮನೆ, ಮೆಟ್ಟಿಲ ಮೇಲೆ ಹಲ್ಲಿಲ್ಲದ ಒಬ್ಬ ಅಜ್ಜಿ. ಬಂಗಾಳಿ ಮನೆಯೊಂದರ ಅಂಗಳದಲ್ಲಿ ಒಣಹಾಕಿದ ಮೀನು, ಕೆಳಗೆ ಒಂದು ಸಾಲು: "ಮೌಶಿ, ನಾ ತಿಂದಿಲ್ಲ, ವಾಸನಿ ಅಷ್ಟ ತಗೊಂಡೆ." ರಾಂಚಿಯಿಂದ ಮರ ಕಡಿಯಲು ಬಂದವರ ಮೊಮ್ಮಕ್ಕಳು ಹೊಡೆಯುತ್ತಿದ್ದ ಡೋಲು. ತಮಿಳರ ಮುರುಗನ ಗುಡಿ. ಬೆಳ್ಳಗಿನ ಮರಳು, ಮರಳಿನ ಮೇಲೆ ಏಡಿಗಳು ಬಿಡಿಸಿದ ಪುಟ್ಟ ಪುಟ್ಟ ಗುಂಡುಗಳ ರಂಗೋಲಿ.

ಇಷ್ಟೆಲ್ಲ ಚಿತ್ರಗಳಲ್ಲಿ ಅಮೂಲ್ಯಾ ಎಲ್ಲಿಯೂ ಇರಲಿಲ್ಲ. ಚಿತ್ರ ತೆಗೆಯುವವಳು ಚಿತ್ರದಲ್ಲಿ ಹೇಗೆ ಇರುತ್ತಾಳೆ ಎಂದು ವನಮಾಲಾ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾ ಬಂದಿದ್ದಳು.

"ಹುಡುಗಿ ಆರಾಮ ಅದಾಳ," ಎಂದಳು ಈಗ, ಕೃಷ್ಣಮ್ಮನಿಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವಂತೆ. "ನಿನ್ನಿ ಸಂಜಿಗೂ ಫೋಟೋ ಬಂದದ. ತಡಿ, ತೋರಸ್ತೀನಿ."

ಮೊಬೈಲು ತೆಗೆದು ಹಿಡಿದಳು. ಕಪ್ಪು ಸಮುದ್ರ, ಅದರ ಮೇಲೆ ಈಗಷ್ಟೇ ಮೂಡಿದ ದುಂಡನೆಯ ಚಂದ್ರ, ದಡದವರೆಗೂ ಹರಿದ ಬೆಳಕು. ಕೆಳಗೆ: "ಈಗಷ್ಟ ತೆಗೆದದ್ದು ಮೌಶಿ. ನೀ ಇರಬೇಕಿತ್ತು."

"ಎಷ್ಟು ಚೆಂದ," ಎಂದಳು ಕೃಷ್ಣಮ್ಮ.

ಧ್ವನಿವರ್ಧಕ ಮತ್ತೆ ಕೂಗಿತು. ಮೌನಿ ಅಮಾವಾಸ್ಯೆಯ ಸ್ನಾನಕ್ಕೆ ಬಂದ ಭಕ್ತಾದಿಗಳೇ, ಆಳದ ನೀರಿಗೆ ಹೋಗಬೇಡಿ.

ವನಮಾಲಾ ಮೊಬೈಲನ್ನು ನಿಧಾನವಾಗಿ ತೊಡೆಯ ಮೇಲಿಟ್ಟಳು.

"ಆಚಾರ್ಯರ. ಇವತ್ತು ಅಮಾಸಿ."

"ಹೌದ್ರಿ. ಅದಕ್ಕ ತರ್ಪಣ..."

"ನಿನ್ನಿ ಸಂಜೀಗೆ ಹುಣ್ಣಿಮಿ ಚಂದ್ರ ಎಲ್ಲಿಂದ ಬಂತು?"

ಮೂವರೂ ಮೊಬೈಲನ್ನು ನೋಡಿದರು. ಕಾಶಿಯಾಗಲಿ ಅಂಡಮಾನಾಗಲಿ, ಆಕಾಶಕ್ಕೆ ಇರುವವನು ಒಬ್ಬನೇ ಚಂದ್ರ. ಅಮಾವಾಸ್ಯೆಯ ಹಿಂದಿನ ಸಂಜೆ ಅವನು ಯಾವ ದ್ವೀಪದಲ್ಲೂ ಮೂಡಲಾರ. ಚಿತ್ರ ತೆಗೆದದ್ದು ಹೋದ ಹುಣ್ಣಿಮೆಯಂದು, ಗಂಡ ಹೆಂಡತಿ ಇಬ್ಬರೂ ದ್ವೀಪದಲ್ಲಿದ್ದಾಗ. ಹಾಗಾದರೆ ಉಳಿದ ಚಿತ್ರಗಳೂ ಅಷ್ಟೇ. ಯಾರೋ ಹಳೆಯ ಬುತ್ತಿಯನ್ನು ಒಂದೊಂದೇ ತುತ್ತಾಗಿ ಅವಳಿಗೆ ಉಣಿಸುತ್ತಾ ಬಂದಿದ್ದರು. ಅವಳೂ ಉಂಡಿದ್ದಳು.

ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ವನಮಾಲಾಳ ಕಣ್ಣಲ್ಲಿ ನೀರು ಬಂತು. ಹೆಣದ ಉಗುರಿನ ಸಂದಿಯಲ್ಲಿನ ಮಣ್ಣು ಎಲ್ಲಿಯದೆಂದು ಹೇಳುವವಳಿಗೆ ಆಕಾಶದ ಚಂದ್ರ ಕಾಣದೆ ಹೋಗಿದ್ದ. ಪ್ರೀತಿ ಇದ್ದಲ್ಲಿ ಕಣ್ಣು ಮಂದವಾಗುತ್ತದೆ ಎಂದು ಅವಳೇ ಎಷ್ಟೋ ಮಂದಿ ತಾಯಂದಿರ ಬಗ್ಗೆ ಅಂದುಕೊಂಡಿದ್ದಳು.

"ಪೊಲೀಸರಿಗೆ ಹೇಳಬೇಕು," ಎಂದರು ಆಚಾರ್ಯರು.

"ಏನಂತ ಹೇಳ್ಲಿ? ಅಳಿಯ ಎಳ್ಳುನೀರು ಬಿಟ್ಟಾ ಅಂತನೋ? ಇವತ್ತಿನ ಗದ್ದಲದಾಗ ಚೌಕಿ ದರೋಗಾ ನನ್ನ ಮಾತು ಕೇಳ್ತಾನ? 'ಜಾಯಿಯೇ ಮಾತಾಜೀ' ಅಂತ ಹೊರಗ ಕಳಸ್ತಾನ." ವನಮಾಲಾ ಎದ್ದು ನಿಂತಳು. "ಅಂವಾ ಎಲ್ಲಿದ್ದಾನ?"

"ಮಾಳಗಿ ಮ್ಯಾಲೆ," ಎಂದಳು ಕೃಷ್ಣಮ್ಮ. "ಊಟಕ್ಕ ಕೂತಿದ್ದಾ, ತುತ್ತು ಇಳೀಲಿಲ್ಲ. ಅಣ್ಣಾ ಅತ್ತಿಗಿ ಮುಂದಿನ ಖೋಲಿಯಾಗ ಮಲಗ್ಯಾರ. ವನಮಾಲಾ, ಒಬ್ಬಾಕಿ ಹೋಗಬ್ಯಾಡ."

"ನನ್ನ ಮಗಳ ಗಂಡ ಅಂವಾ. ನನಗೇನು ಮಾಡ್ತಾನ?"

ಹೇಳಿದ್ದೇನೋ ಹೇಳಿದಳು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡೇ ಹತ್ತಿದಳು.

ಮಾಳಿಗೆಯ ಮೇಲೆ ಮಧ್ಯಾಹ್ನವೂ ಮಂಜು ಬಿಟ್ಟಿರಲಿಲ್ಲ. ತೊಳೆದು ಹಾಕಿದ ಪಂಚೆಗಳು ಒಣಗದೆ ಜೋತುಬಿದ್ದಿದ್ದವು. ಕೆಳಗೆ ಘಾಟಿನಲ್ಲಿ ತಲೆಗಳ ಸಂತೆ, ಅದರಾಚೆ ದೋಣಿಗಳು, ದೋಣಿಗಳ ಸುತ್ತ ಚಳಿಗಾಲಕ್ಕೆ ಬರುವ ಬಿಳಿ ಕಡಲಹಕ್ಕಿಗಳು ಕಿರುಚುತ್ತಾ ಹಾರುತ್ತಿದ್ದವು. ಆಚೆಯ ದಡ ಕಾಣುತ್ತಲೇ ಇರಲಿಲ್ಲ.

ಕಾರ್ತಿಕ ಮೊಣಕಾಲೆತ್ತರದ ಕಟ್ಟೆಯ ಬಳಿ ನಿಂತು ನೀರನ್ನೇ ನೋಡುತ್ತಿದ್ದ. ಹೆಜ್ಜೆ ಸದ್ದಿಗೆ ತಿರುಗಿ, ನಗಲು ಪ್ರಯತ್ನಿಸಿದ.

"ಅತ್ತೆ? ನೀವು ಯಾವಾಗ ಬಂದ್ರಿ?"

"ಈಗ. ಊಟ ಮಾಡ್ಲಿಲ್ಲಂತ?"

"ಹಸಿವಿಲ್ಲ. ಬೆಳಗಿನ ಚಳೀಲಿ ಸ್ನಾನ ಮಾಡಿದ್ದಕ್ಕೋ ಏನೋ."

ವನಮಾಲಾ ಅವನ ಪಕ್ಕಕ್ಕೆ ಬಂದು, ಕಟ್ಟೆಯಿಂದ ಒಂದು ಮಾರು ಹಿಂದೆ ನಿಂತಳು.

"ಈ ಹಕ್ಕಿ ನೋಡಿದ್ರ ಸಮುದ್ರದ ನೆನಪು ಬರತದ, ಅಲಾ? ನೀ ಒಂದು ದಿನಾನೂ ಆ ದ್ವೀಪದ ಸುದ್ದಿ ನನಗ ನೆಟ್ಟಗ ಹೇಳಲಿಲ್ಲ."

"ಏನು ಹೇಳೋದು ಅತ್ತೆ. ಫೋಟೋ ನೋಡ್ತಿದೀರಲ್ಲ." ಅವನು ಸ್ವಲ್ಪ ಸಡಿಲವಾದ. "ಚೆನ್ನಾಗಿತ್ತು. ಎಲ್ಲಾ ಊರಿನವರೂ ಅಲ್ಲಿದಾರೆ. ಬೆಳಿಗ್ಗೆ ತಮಿಳರ ಹೋಟೆಲಲ್ಲಿ ಇಡ್ಲಿ, ಮಧ್ಯಾಹ್ನ ಬಂಗಾಳಿ ಊಟ. ಆಟೋದವನು ರಾಂಚಿಯವನು, ದೋಣಿಯವನು ಕರೆನ್. ಎಲ್ಲರಿಗೂ ಒಂದೇ ಹಿಂದಿ, ಅದೂ ಅರೆಬರೆ. ಜಾತಿ ಯಾವುದು ಅಂತ ಯಾರೂ ಕೇಳಲ್ಲ ಅಂತ ಅಮೂಲ್ಯಾಗೆ ಭಾಳ ಖುಷಿ."

"ಅಕೀಗೆ ಅಲ್ಲೇ ಇರಬೇಕು ಅನ್ನಿಸ್ತೇನು?"

ಅವನ ನಗು ನಿಂತಿತು. "ಹಾಗ್ಯಾಕೆ ಕೇಳ್ತೀರಾ?"

"ಸುಮ್ಮ ಕೇಳಿದೆ." ವನಮಾಲಾ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು. "ಇದು ಯಾವತ್ತಿಂದು?"

"ನಿನ್ನೆ ಬಂದಿದ್ದಲ್ವಾ. ನನಗೂ ಕಳಿಸಿದಾಳೆ."

"ಬಂದದ್ದು ನಿನ್ನಿ. ತೆಗೆದದ್ದು ಯಾವತ್ತು?"

"ನಿನ್ನೇನೇ ಇರಬೇಕು."

"ಕಾರ್ತಿಕ, ಇವತ್ತು ನೀ ಯಾವ ತಿಥಿ ಅಂತ ಸಂಕಲ್ಪ ಹೇಳಿದಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಬಲಗೈಯ ಉಂಗುರಬೆರಳನ್ನು ಮುಟ್ಟಿ ನೋಡಿಕೊಂಡ. ಬೆಳಿಗ್ಗೆ ದರ್ಭೆಯ ಪವಿತ್ರ ಇದ್ದ ಬೆರಳು ಅದು.

"ಆಚಾರ್ಯರು ಹೇಳಿಬಿಟ್ರಾ," ಎಂದ ಕೊನೆಗೆ.

"ಹೂಂ."

"ನಾನು ಕೊಂದಿಲ್ಲ ಅತ್ತೆ."

ಕೊಂದೆಯಾ ಎಂದು ವನಮಾಲಾ ಕೇಳಿಯೇ ಇರಲಿಲ್ಲ. ಅವಳು ಪಂಚೆ ಹಾಕಿದ ಹಗ್ಗದ ಕಂಬವನ್ನು ಹಿಡಿದಳು. ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ಮೊಬೈಲ್ ಯಾರ ಕೈಯಾಗದ? ನಿನ್ನ ಹತ್ರನೇ?"

"ಇಲ್ಲ! ಅದೇ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ." ಅವನು ತಲೆಗೂದಲಲ್ಲಿ ಬೆರಳು ಸಿಕ್ಕಿಸಿಕೊಂಡು ಎಳೆದ. "ಅವತ್ತು ಹುಣ್ಣಿಮೆ. ಮುರುಗನ ಗುಡಿಯಲ್ಲಿ ಕಾವಡಿ ಉತ್ಸವ, ಊರಿಗೂರೇ ಅಲ್ಲಿ ಸೇರಿತ್ತು. ಬೀಚಲ್ಲಿ ನಾವಿಬ್ಬರೇ. ಮಾರನೇ ದಿನ ಹೊರಡಬೇಕಿತ್ತು. ರಜೆ ಮುಗೀತಲ್ಲ, ಸಾಮಾನು ಕಟ್ಟೋಣ ಅಂದೆ. ನಾನು ಬರಲ್ಲ ಅಂದಳು."

"ಯಾಕ?"

"ಕಾಂಡ್ಲಾ ಸಸಿ ಬೆಳೆಸೋರ ಜೊತೆ ಕೆಲಸ ಇದೆಯಂತೆ, ಅಲ್ಲೇ ಇರ್ತಾಳಂತೆ. ನೀನು ಹೋಗು ಅಂದಳು. ನನಗಿದು ರಜೆ ಅಲ್ಲ ಕಾರ್ತಿಕ್, ಹಿಂದಿನದೆಲ್ಲಾ ರಜೆ ಅಂದಳು. ಏನು ಮಾತು ಅದು? ಮಾತಿಗೆ ಮಾತು ಬೆಳೀತು. ಬ್ಯಾಗ್ ಮರಳ ಮೇಲೆ ಹಾಕಿ ನೀರಿಗೆ ಇಳಿದಳು. ಸಿಟ್ಟು ಬಂದಾಗೆಲ್ಲ ಈಜ್ತಾಳೆ, ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಇದೇ ಘಾಟಿನ ಕೆಳಗೆ ಸೊಂಟಕ್ಕೆ ಸೀರೆಯ ತುಂಡು ಕಟ್ಟಿ ಅವಳಿಗೆ ಈಜು ಕಲಿಸಿದ್ದು ವನಮಾಲಾಳೇ.

"ಆಮ್ಯಾಲೆ?"

"ನಾನು ರೂಮಿಗೆ ನಡೆದುಬಿಟ್ಟೆ. ನನಗೂ ಸಿಟ್ಟು ಬಂದಿತ್ತು. ಹಿಂದೆ ತಿರುಗಿ ಕೂಡ ನೋಡ್ಲಿಲ್ಲ ಅತ್ತೆ, ಅದೊಂದೇ ನನ್ನ ತಪ್ಪು. ತುಂಬಾ ಹೊತ್ತಾದ್ರೂ ಬರಲಿಲ್ಲ. ಹೋಗಿ ನೋಡಿದ್ರೆ ದಡದಲ್ಲಿ ಅವಳೂ ಇಲ್ಲ, ಬ್ಯಾಗೂ ಇಲ್ಲ. ಬೆಳಿಗ್ಗೆ ಪೊಲೀಸ್ ಹತ್ರ ಹೋಗೋಣ ಅಂತ ಚಪ್ಪಲಿ ಹಾಕ್ತಿದ್ದೆ, ಅಷ್ಟರಲ್ಲಿ ಅವಳ ಮೊಬೈಲಿಂದ ಕಾಂಡ್ಲಾ ಕಾಡಿನ ಫೋಟೋ ಬಂತು. 'ನನ್ನನ್ನು ಹುಡುಕಬೇಡ, ಮೌಶಿಗೆ ನಾನೇ ಹೇಳ್ತೀನಿ' ಅಂತ. ಬದುಕಿದಾಳೆ, ಬಿಟ್ಟು ಹೋಗಿದಾಳೆ ಅಂದ್ಕೊಂಡೆ. ಹೆಂಡತಿ ಬಿಟ್ಟು ಹೋದಳು ಅಂತ ಯಾವ ಬಾಯಲ್ಲಿ ಹೇಳಲಿ?"

"ಅದಕ್ಕ ಬಾಯಿ ಮುಚ್ಚಿಕೊಂಡು ಕೂತಿ. ಮತ್ತ ಇವತ್ಯಾಕ ನೀರು ಬಿಟ್ಟಿ?"

ಕಾರ್ತಿಕ ಅವಳ ಕೈಯಲ್ಲಿದ್ದ ಮೊಬೈಲಿಗೆ ಬೆರಳು ತೋರಿದ.

"ಚಂದ್ರನ ಕೆಳಗೆ ನೋಡಿ. ದೊಡ್ಡದು ಮಾಡಿ ನೋಡಿ."

ವನಮಾಲಾ ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ಹಿಗ್ಗಿಸಿದಳು. ನೀರಿನ ಮೇಲಿನ ಬೆಳಕಿನ ಪಟ್ಟೆಯ ಅಂಚಿನಲ್ಲಿ ಎರಡು ಕಪ್ಪು ಚುಕ್ಕೆಗಳಿದ್ದವು. ನಿನ್ನೆ ಅವನ್ನು ಮೀನುಗಾರರೆಂದು ತಿಳಿದು ಬಿಟ್ಟಿದ್ದಳು. ಹಿಗ್ಗಿಸಿದಾಗ ಒಂದು ಚುಕ್ಕೆಗೆ ಜಡೆ ಬಂತು. ಇನ್ನೊಂದು ಕೈ ಎತ್ತಿ ಏನೋ ಹೇಳುತ್ತಿತ್ತು.

"ನಾವಿಬ್ಬರೇ ಅದು," ಎಂದ ಕಾರ್ತಿಕ. "ಮೊಬೈಲ್ ಬ್ಯಾಗಲ್ಲಿತ್ತು, ಬ್ಯಾಗ್ ಹಿಂದೆ ಮರಳ ಮೇಲಿತ್ತು. ಯಾರೋ ಅದನ್ನ ಎತ್ಕೊಂಡು ನಮ್ಮ ಬೆನ್ನ ಹಿಂದೆ ನಿಂತು ಈ ಫೋಟೋ ತೆಗೆದಿದಾರೆ. ಅವಾಗಿಂದ ಮೊಬೈಲ್ ಅವರ ಹತ್ರಾನೇ ಇದೆ. ಕಳಿಸ್ತಿರೋದೆಲ್ಲ ಅವರೇ. ನಿನ್ನೆ ಇದು ಬಂದಾಗ ಗೊತ್ತಾಯ್ತು ನನಗೆ. ಅಂದ್ರೆ ಅಮೂಲ್ಯಾ ಯಾವತ್ತೂ ಏನೂ ಕಳಿಸಿರಲಿಲ್ಲ. ಅಂದ್ರೆ ಅವಳು ನೀರಿಂದ ಮೇಲೆ ಬಂದೇ ಇಲ್ಲ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ನೀರಲ್ಲಿ ಹೋದವಳಿಗೆ ಒಂದು ಹನಿ ನೀರು ಬಿಡೋರಿಲ್ಲ ಅಂತ ಆಗಬಾರದು ಅನ್ನಿಸ್ತು. ಆಚಾರ್ಯರು 'ಪತ್ನೀ' ಅಂದರು, ಕೈ ತಾನಾಗಿ ಬಾಗಿಬಿಡ್ತು. ಸಂಸ್ಕಾರ ಆಗದೆ ತರ್ಪಣ ಬಿಡಬಾರದು ಅಂತ ಗೊತ್ತು. ಆದರೂ ಬಿಟ್ಟೆ."

ಈ ಮಾತು ಸುಳ್ಳಾಗಿರಲಿಕ್ಕಿಲ್ಲ ಎಂದು ವನಮಾಲಾಗೆ ಅನಿಸಿತು. ಅನಿಸಿದ್ದೇ ತಡ, ಇಷ್ಟು ಹೊತ್ತು ತಡೆದುಕೊಂಡಿದ್ದ ಅಳು ಒತ್ತಿಕೊಂಡು ಬಂತು. ತನ್ನ ಕೂಸು ಎರಡು ವಾರದಿಂದ ಉಪ್ಪುನೀರಿನಲ್ಲಿ. ನೀರಿನಲ್ಲಿ ಎರಡು ವಾರ ಇದ್ದ ದೇಹ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಗೊತ್ತಿರುವುದೇ ಶಾಪವಾಯಿತು. ಅವಳು ಸೆರಗನ್ನು ಬಾ‍ಯಿಗೆ ತುರುಕಿಕೊಂಡು, ಕಂಬಕ್ಕೆ ಒರಗಿ ಅತ್ತಳು.

ಅಳುತ್ತಿದ್ದರೂ ತಲೆಯ ಒಂದು ಮೂಲೆ ತನ್ನ ಕೆಲಸ ನಿಲ್ಲಿಸಲಿಲ್ಲ. ಮೊಬೈಲು ಕದ್ದವನು ಅದನ್ನು ಮಾರಿ ಕೈತೊಳೆದುಕೊಳ್ಳುತ್ತಾನೆ. ಕೂತು ಕನ್ನಡದಲ್ಲಿ 'ಮೌಶಿ' ಎಂದು ಬರೆಯುವುದಿಲ್ಲ. ಒಣಮೀನಿನ ವಾಸನೆ ತೆಗೆದುಕೊಂಡೆ ಎಂದು ಕೀಟಲೆ ಮಾಡುವುದಿಲ್ಲ. ಬರೆದವರು ಕನ್ನಡ ಬಲ್ಲವರು, ಧಾರವಾಡದ ಕನ್ನಡ ಬಲ್ಲವರು. ಚಂದ್ರನ ಚಿತ್ರವನ್ನು ಬೇಕೆಂದೇ ನಿನ್ನೆಗೆ ಉಳಿಸಿಕೊಂಡಿದ್ದರೆ? ಅಮಾವಾಸ್ಯೆಯ ಮುನ್ನಾದಿನ ಅದನ್ನು ಕಳಿಸಿದರೆ ಕಾಶಿಯಲ್ಲಿ ಯಾರಾದರೊಬ್ಬರಿಗೆ ಹೊಳೆದೇ ಹೊಳೆಯುತ್ತದೆ ಎಂದು ಲೆಕ್ಕ ಹಾಕಿದ್ದರೆ?

"ಆ ಬೀಚಿನ್ಯಾಗ ಕನ್ನಡದವರು ಯಾರರೆ ಇದ್ರೇನು?" ಎಂದಳು ಮೂಗು ಒರೆಸಿಕೊಳ್ಳುತ್ತಾ. "ನೆನಪು ಮಾಡ್ಕೊ. ಹೋಟೆಲಿನ್ಯಾಗ, ದೋಣಿಯಾಗ, ಯಾರರೆ?"

"ಇಲ್ಲ. ಯಾರೂ..."

ಅವನ ಮಾತು ಮುಗಿಯುವ ಮೊದಲೇ ವನಮಾಲಾಳ ಕೈಯಲ್ಲಿದ್ದ ಮೊಬೈಲು ಗುಂಯ್‌ಗುಟ್ಟಿತು. ಅರೆಕ್ಷಣದ ನಂತರ ಕಾರ್ತಿಕನ ಜೇಬಿನಲ್ಲಿದ್ದದ್ದೂ ಗುಂಯ್‌ಗುಟ್ಟಿತು.

ಅಮೂಲ್ಯಾ.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ವನಮಾಲಾ ಬೆರಳಿನಿಂದ ಒತ್ತಿದಳು.

ಈ ಸಲ ಸಮುದ್ರವಿರಲಿಲ್ಲ. ಕೇದಾರ ಘಾಟಿನ ಕೆಂಪು ಬಿಳಿ ಪಟ್ಟೆಯ ಮೆಟ್ಟಿಲುಗಳು, ನದಿಯ ಕಡೆಯಿಂದ, ದೋಣಿಯೊಂದರಿಂದ ತೆಗೆದ ಚಿತ್ರ. ಮಂಜಿನೊಳಗೆ ಬದರೀನಾರಾಯಣಾಚಾರ್ಯರ ಬೋಳುತಲೆ, ಶ್ರೀನಿವಾಸನ ಬೆನ್ನು, ಹಿಂದಿನ ಮೆಟ್ಟಿಲ ಮೇಲೆ ಶ್ರೀವಿದ್ಯಾ. ನಟ್ಟನಡುವೆ ಕಣ್ಣು ಮುಚ್ಚಿ ಕುಳಿತ ಕಾರ್ತಿಕ. ಅವನ ಬಾಗಿದ ಬಲಗೈಯಿಂದ ನೀರು ಇಳಿಯುತ್ತಿತ್ತು.

ಕೆಳಗೆ ಒಂದೇ ಪದ ಇತ್ತು.

"ಇದ್ದಾಳೆ."

ವನಮಾಲಾ ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಬಾಯಿಬಿಟ್ಟು ಓದಿದಳು. ಓದುತ್ತಿದ್ದಂತೆ ಅವಳೊಳಗೆ ಎಲ್ಲಿಂದಲೋ ಒಂದು ಚೂರು ಜೀವ ಬಂತು. ಬರೆದವರು ಯಾರಾದರೂ ಆಗಲಿ, ಬೆದರಿಕೆಯೇ ಆಗಲಿ, ಆಟವೇ ಆಗಲಿ, ಇದ್ದಾಳೆ ಎಂದಿದ್ದಾರೆ. ಶ್ರೀನಿವಾಸ ಜೋರಾಗಿ ಅಂದ, ಕಾರ್ತಿಕ ಅನ್ನಬೇಕಾಗಿದ್ದ ಪದವನ್ನೇ ಅಂದಿದ್ದಾರೆ. ಆ ಹೊತ್ತಿನಲ್ಲಿ ಅವರು ತರ್ಪಣದ ಮಾತು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿದ್ದರು. ಈಗಲೂ ಕೆಳಗಿನ ಆ ಜಂಗುಳಿಯಲ್ಲಿ ಎಲ್ಲೋ ಇದ್ದಾರೆ.

"ಕಾರ್ತಿಕ! ಅಕಿ ಅದಾಳ! ನನ್ನ ಕೂಸು ಅದಾಳ, ಓದಿದೇನು?"

ಅವಳು ಅವನ ಕಡೆ ತಿರುಗಿದಳು. ತಿರುಗಿದವಳು ಹಾಗೆಯೇ ನಿಂತುಬಿಟ್ಟಳು.

ಹೆಂಡತಿ ಬದುಕಿದ್ದಾಳೆಂದು ಕೇಳಿದ ಗಂಡನ ಮುಖವಾಗಿರಲಿಲ್ಲ ಅದು. ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಮೊಬೈಲನ್ನು ಕೈಯಲ್ಲಿ ಹಿಡಿದು, ಘಾಟಿನ ಜನರಲ್ಲಿ ಒಂದೊಂದೇ ಮುಖವನ್ನು ಹುಡುಕುತ್ತಾ, ಅವನು ಕಟ್ಟೆಯಿಂದ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದ.

"ಇಲ್ಲ," ಎಂದ. "ಸುಳ್ಳು. ಅದು ಆಗಲ್ಲ ಅತ್ತೆ. ಹೇಗೆ ಆಗುತ್ತೆ? ಮುಳುಗಿದ ಮೇಲೆ ಒಂದು ಸಲಾನೂ ಮೇಲೆ ಬರಲಿಲ್ಲ ಅವಳು. ನಾನೇ ನಿಂತು ನೋಡಿದೀನಿ..."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು.

ವನಮಾಲಾ ಕಂಬದಿಂದ ಕೈ ತೆಗೆದು, ಮೆಟ್ಟಿಲ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಹಿಂದ ತಿರುಗಿ ನೋಡ್ಲಿಲ್ಲ ಅಂದಿದ್ದಿ, ಕಾರ್ತಿಕ."